ಮೂರು ಹಳೆಯ ಕಂಪ್ಯೂಟರು, ಐದು ಲಿನಕ್ಸು: ಗಂಜಿನ ಕಚೇರಿಯೊಂದರ ಅನುಭವ

ಕಲಬುರಗಿಯ ಕಾಳುಕಡಿ ಮಾರುಕಟ್ಟೆಯಾದ ನೆಹರು ಗಂಜಿನ ಹತ್ತಿರ ನನ್ನದೊಂದು ಚಿಕ್ಕ ಕಚೇರಿ ಇದೆ. ಅಡತಿ ಅಂಗಡಿಗಳ ಮತ್ತು ಎರಡು ಮೂರು ದಾಲ್ ಮಿಲ್ಲುಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು, ಬಿಡುವಿದ್ದಾಗ ಅರ್ಜಿ, ಕರಾರುಪತ್ರ, ಅಫಿಡವಿಟ್‌ಗಳನ್ನು ಕನ್ನಡದಲ್ಲಿ ಟೈಪ್ ಮಾಡಿಕೊಡುವುದು ನಮ್ಮ ಕಸುಬು. ನಾಲ್ಕು ಕಂಪ್ಯೂಟರುಗಳಿವೆ. ಅವುಗಳಲ್ಲಿ ಮೂರನ್ನು ವಿಂಡೋಸ್ 10ರಿಂದ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಗೆ ಸಾಗಿಸುವ ಕೆಲಸ ಅಕ್ಟೋಬರಿನಲ್ಲಿ ಆರಂಭವಾಗಿ ಜನವರಿಯ ಮೊದಲ ವಾರದಲ್ಲಿ ಮುಗಿಯಿತು. ಎರಡು ವಾರ ಸಾಕೆಂದು ಅಂದುಕೊಂಡಿದ್ದೆ. ಎರಡೂವರೆ ತಿಂಗಳು ಹಿಡಿಯಿತು. ಇದೇ ದಾರಿ ಹಿಡಿಯಬೇಕೆಂದಿರುವ ಲೆಕ್ಕಿಗರಿಗೂ ಜೆರಾಕ್ಸ್ ಅಂಗಡಿಯವರಿಗೂ ನಾನು ಪಟ್ಟ ಪಾಡು ತಪ್ಪಲಿ ಎಂದು ನಡೆದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯುತ್ತದೆ ಎಂಬ ಸೂಚನೆ ಪರದೆಯ ಮೇಲೆ ತಿಂಗಳುಗಟ್ಟಲೆ ಬರುತ್ತಲೇ ಇತ್ತು. ನಾವೂ ಅದನ್ನು ತಿಂಗಳುಗಟ್ಟಲೆ ಮುಚ್ಚುತ್ತಲೇ ಇದ್ದೆವು. ದೀಪಾವಳಿಗೆ ಲಕ್ಷ್ಮೀಪೂಜೆಯ ಸಲುವಾಗಿ ಕಂಪ್ಯೂಟರುಗಳನ್ನು ಒರೆಸಿ ಕುಂಕುಮ ಹಚ್ಚುವಾಗ, ಇನ್ನು ತಳ್ಳುವಂತಿಲ್ಲ ಎನಿಸಿತು. ಊರಿನವರ ಪಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಇರುವ ಯಂತ್ರಗಳನ್ನು ಭದ್ರತಾ ಪರಿಷ್ಕರಣೆ ಇಲ್ಲದೆ ಇಂಟರ್ನೆಟ್ಟಿಗೆ ಹಚ್ಚಿಡಲು ಮನಸ್ಸು ಒಪ್ಪಲಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಪ್ರೊಸೆಸರ್ ಎಂಟನೆಯ ಪೀಳಿಗೆಯದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ನಮ್ಮ ಮೂರು ಯಂತ್ರಗಳು ನಾಲ್ಕನೆಯ ಪೀಳಿಗೆಯ ಐ3. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಿಸ್ತರಣೆಯ ಯೋಜನೆ ಇದೆ ಎಂದು ಓದಿದ್ದೆ. ಆದರೆ ನಮ್ಮದು ವ್ಯಾಪಾರದ ಬಳಕೆ, ಮೇಲಾಗಿ ಒಂದು ವರ್ಷ ಕಳೆದ ಮೇಲೆ ಮತ್ತೆ ಇದೇ ಪ್ರಶ್ನೆ ಎದುರಾಗುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಮೂರು ಹೊಸ ಯಂತ್ರಗಳಿಗೆ ಬೆಲೆ ಕೇಳಿದಾಗ ಒಂದಕ್ಕೆ 38,000 ರೂಪಾಯಿಯಂತೆ 1,14,000 ರೂಪಾಯಿಯ ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೇ ಮುಂದಿನ ಕೆಲಸವನ್ನೆಲ್ಲ ಮಾಡಿದೆ.

ನಾನು ಮಾಡಿದ ಕೆಲಸಗಳಲ್ಲಿ ಸರಿಯಾದದ್ದು ಮೊದಲನೆಯದು. ಯಾವ ಲಿನಕ್ಸ್ ಒಳ್ಳೆಯದೆಂದು ಹುಡುಕುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕಂಪ್ಯೂಟರಿನ ಮುಂದೆ ಒಂದು ವಾರ ಯಾರು, ಏನು, ಯಾವ ಸಾಫ್ಟ್‌ವೇರಿನಲ್ಲಿ ಮಾಡುತ್ತಾರೆಂದು ಬರೆಸಿದೆ. ಅರ್ಧಕ್ಕೂ ಹೆಚ್ಚು ಕೆಲಸ ಬ್ರೌಸರಿನಲ್ಲೇ ನಡೆಯುತ್ತದೆ ಎಂಬುದು ಅದರಿಂದ ತಿಳಿಯಿತು. ಉಳಿದದ್ದು ಲೆಕ್ಕ ಬರೆಯುವ ಟ್ಯಾಲಿ, ಜಿಎಸ್‌ಟಿಯ ಆಫ್‌ಲೈನ್ ಟೂಲ್, ಎಕ್ಸೆಲ್ ಹಾಳೆಗಳು, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಂಗ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಎರಡು ಪ್ರಿಂಟರು, ಒಂದು ಸ್ಕ್ಯಾನರು. ಟ್ಯಾಲಿಯೂ ಜಿಎಸ್‌ಟಿಯ ಆಫ್‌ಲೈನ್ ಟೂಲೂ ವಿಂಡೋಸಿಗಾಗಿಯೇ ತಯಾರಾದವು. ವಿಂಡೋಸಿನ ಸಾಫ್ಟ್‌ವೇರನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಮೂಲಕ ಟ್ಯಾಲಿ ಓಡಿಸುವವರಿದ್ದಾರೆ, ಆದರೆ ಊರಿನ ವರ್ತಕರ ವರ್ಷದ ಲೆಕ್ಕವನ್ನು ಅಂಥ ಪ್ರಯೋಗಕ್ಕೆ ಒಡ್ಡುವ ಧೈರ್ಯ ನನಗಿಲ್ಲ. ನಾಲ್ಕನೆಯ ಯಂತ್ರ ಎಂಟನೆಯ ಪೀಳಿಗೆಯದ್ದು; ಅದನ್ನು ವಿಂಡೋಸ್ 11ಕ್ಕೆ ಏರಿಸಿ ಟ್ಯಾಲಿಗಷ್ಟೇ ಮೀಸಲಿಡುವುದೆಂದು ಅಂದೇ ತೀರ್ಮಾನಿಸಿದೆ. ಇಡೀ ಕಚೇರಿಯನ್ನು ಲಿನಕ್ಸ್ ಮಾಡುತ್ತೇನೆಂಬ ಹಟ ಹಿಡಿದಿದ್ದರೆ ಈ ಬರಹ ಬೇರೆ ರೀತಿಯಲ್ಲಿ ಮುಗಿಯುತ್ತಿತ್ತು.

ನವೆಂಬರಿನ ಮೂರು ಭಾನುವಾರಗಳು ಪರೀಕ್ಷೆಗೆ ಹೋದವು. ಉಬುಂಟು 24.04, ಲಿನಕ್ಸ್ ಮಿಂಟ್ 22.2, ಫೆಡೋರಾ 43, ಡೆಬಿಯನ್ 13, ಝೋರಿನ್ 18 ಎಂದು ಲಿನಕ್ಸಿನ ಐದು ರೂಪಗಳನ್ನು (ಇವನ್ನು ಡಿಸ್ಟ್ರೋ ಎನ್ನುತ್ತಾರೆ) ಆರಿಸಿಕೊಂಡಿದ್ದೆ. ಉಬುಂಟುವಿನ ಕಡತ ಒಂದೇ ಆರು ಜಿಬಿಯ ಹತ್ತಿರ, ಮಿಂಟಿನದ್ದು ಮೂರು ಜಿಬಿಯ ಒಳಗೆ. ಕರೆಂಟ್ ಹೋಗಿ ಒಂದು ಡೌನ್‌ಲೋಡ್ ನಡುವೆ ನಿಂತು, ಮತ್ತೆ ಮುಂದುವರಿದು, ಮುಗಿದಂತೆ ಕಂಡಿತು. ಆದರೆ ಕಡತ ಪೂರ್ತಿ ಸರಿಯಾಗಿ ಬಂದಿದೆಯೇ ಎಂದು ತೋರಿಸುವ ಚೆಕ್‌ಸಮ್ ತಾಳೆ ಆಗಲಿಲ್ಲ. ತಾಳೆ ನೋಡುವ ಅಭ್ಯಾಸ ಇರದಿದ್ದರೆ ಆ ಹಾಳು ಕಡತದಿಂದಲೇ ಅನುಸ್ಥಾಪನೆಗೆ ಕೂತು ದಿನವಿಡೀ ಹೈರಾಣಾಗುತ್ತಿದ್ದೆ. ವೆಂಟಾಯ್ ಎಂಬ ಉಪಕರಣ ಹಾಕಿದ ಒಂದೇ 64 ಜಿಬಿ ಪೆನ್‌ಡ್ರೈವಿಗೆ ಐದೂ ಕಡತಗಳನ್ನು ಸುಮ್ಮನೆ ನಕಲು ಮಾಡಿದರೆ, ಕಂಪ್ಯೂಟರ್ ಆನ್ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಈ ಪೆನ್‌ಡ್ರೈವಿನಿಂದಲೇ, ಹಾರ್ಡ್ ಡಿಸ್ಕ್ ಮುಟ್ಟದೆ, ಪ್ರತಿಯೊಂದನ್ನೂ ಅರ್ಧ ದಿನ ಬಳಸಿದೆವು.

ಝೋರಿನ್ ವಿಂಡೋಸಿನಿಂದ ಬಂದವರನ್ನು ನೇರವಾಗಿ ಕರೆಯುವಂಥದ್ದು. ವಿಂಡೋಸ್ 10ರ ಬೆಂಬಲ ಮುಗಿದ ದಿನವೇ ಅದರ 18ನೆಯ ಆವೃತ್ತಿ ಬಿಡುಗಡೆಯಾಯಿತು. ನೋಡಲು ಐದರಲ್ಲೂ ಚೆಂದ. ಆದರೆ 4 ಜಿಬಿ ಮೆಮೊರಿಯ ನಮ್ಮ ಯಂತ್ರದಲ್ಲಿ ಬ್ರೌಸರಿನ ಹತ್ತು ಟ್ಯಾಬ್ ತೆರೆದ ಕೂಡಲೆ ಏದುಸಿರು ಬಿಟ್ಟಿತು. ಫೆಡೋರಾ ಚುರುಕು, ಅದರಲ್ಲಿ ಎಲ್ಲವೂ ಹೊಸದು. ಶಹಾಪುರದ ಕಡೆ ಶಿಕ್ಷಕರಾಗಿರುವ ಗೆಳೆಯರೊಬ್ಬರು ಅದನ್ನೇ ಬಳಸುತ್ತಾರೆ, ಅದರ ಹೊರತು ಬೇರೆ ಮಾತಾಡುವುದಿಲ್ಲ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ, ಪ್ರತಿ ಆವೃತ್ತಿಗೂ ಸುಮಾರು ಹದಿಮೂರು ತಿಂಗಳ ಬೆಂಬಲ ಎಂಬುದು ಅವರಂಥ ಆಸಕ್ತರಿಗೆ ಹಬ್ಬ. ವರ್ಷಕ್ಕೊಮ್ಮೆ ಮೂರು ಯಂತ್ರಗಳನ್ನು ಮೇಲ್ದರ್ಜೆಗೇರಿಸುತ್ತ ಕೂರಲು ನನಗೆ ಸಮಯವಿಲ್ಲ. ಡೆಬಿಯನ್ ಐದರಲ್ಲಿ ಅತ್ಯಂತ ಹಗುರ, ಅತ್ಯಂತ ಗಂಭೀರ. ಅನುಸ್ಥಾಪನೆಯಲ್ಲಿ ರೂಟ್ ಪಾಸ್‌ವರ್ಡ್ ಕೊಟ್ಟರೆ ಸಾಮಾನ್ಯ ಬಳಕೆದಾರನಿಗೆ ಸುಡೋ ಎಂಬ ಆಡಳಿತದ ಅಧಿಕಾರ ಸಿಗುವುದಿಲ್ಲ, ಆ ಜಾಗವನ್ನು ಖಾಲಿ ಬಿಟ್ಟರೆ ಸಿಗುತ್ತದೆ ಎಂಬ ಒಂದು ಸಂಗತಿ ಮೊದಲೇ ತಿಳಿದಿರಬೇಕು. ತಿಳಿದವರು ಪಕ್ಕದಲ್ಲಿದ್ದರೆ ಅದನ್ನೇ ಹಾಕಿಸಿ ಎಂದು ಇಂದಿಗೂ ಹೇಳುತ್ತೇನೆ.

ಕೊನೆಗೆ ಉಳಿದದ್ದು ಉಬುಂಟು ಮತ್ತು ಮಿಂಟ್. ಮಿಂಟ್ 22ರ ಸರಣಿ ನಿಂತಿರುವುದು ಉಬುಂಟು 24.04ರ ಬುನಾದಿಯ ಮೇಲೆಯೇ, ಎರಡಕ್ಕೂ 2029ರವರೆಗೆ ಸಾಮಾನ್ಯ ಬೆಂಬಲ ಇದೆ. ಹಾಗಾಗಿ ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ, ಮೇಲಿನ ಹೊದಿಕೆ ಬೇರೆ. ನಮ್ಮ ಹುಡುಗ ಉಬುಂಟು ತೆರೆದು, "ಸರ, ಸ್ಟಾರ್ಟ್ ಬಟನ್ನೇ ಇಲ್ಲಲ್ರೀ ಇದರಾಗ" ಎಂದ. ಮಿಂಟಿನ ಸಿನಮನ್ ಪರದೆಯಲ್ಲಿ ಕೆಳಗೆ ಎಡಮೂಲೆಗೆ ಮೆನು ಇದೆ, ಬಲಮೂಲೆಗೆ ಗಡಿಯಾರ ಇದೆ. ಅವನು ಏನೂ ಕೇಳದೆ ಕೆಲಸಕ್ಕೆ ಕೂತ. ಇನ್ನೊಂದು ಕಾರಣ ತಾಂತ್ರಿಕವಾದದ್ದು. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಬರುತ್ತದೆ, ಅಂದರೆ ಭದ್ರತೆಗಾಗಿ ತನ್ನ ಪೆಟ್ಟಿಗೆಯೊಳಗೇ ಇರುತ್ತದೆ. ಮಿಂಟಿನಲ್ಲಿ ಅದು ಅಂಥ ಪೆಟ್ಟಿಗೆಯಿಲ್ಲದ ಸಾಮಾನ್ಯ ಡೆಬ್ ಪ್ಯಾಕೇಜ್, ಅಂದರೆ ಡೆಬಿಯನ್, ಉಬುಂಟು, ಮಿಂಟ್‌ಗಳ ಅನುಸ್ಥಾಪನಾ ಕಡತ. ಡಿಜಿಟಲ್ ಸಹಿಯ ಟೋಕನ್ನಿನ ಮಾಡ್ಯೂಲನ್ನು ಬ್ರೌಸರಿಗೆ ತೋರಿಸಬೇಕಾದ ನಮ್ಮಂಥವರಿಗೆ ಈ ಎರಡನೆಯ ವ್ಯವಸ್ಥೆ ತೊಡಕಿಲ್ಲದ್ದು. ಹೀಗೆ ಮಿಂಟ್ ಗೆದ್ದಿತು.

ನವೆಂಬರ್ 20ರ ಜಿಎಸ್‌ಟಿಆರ್-3ಬಿ ಎಂಬ ತಿಂಗಳ ರಿಟರ್ನ್ ಮುಗಿಸಿ 22ರ ಶನಿವಾರ ಮೊದಲ ಯಂತ್ರಕ್ಕೆ ಕೈ ಹಾಕಿದೆ. ನಮ್ಮ ಕಸುಬಿನವರು 21ನೆಯ ತಾರೀಖಿನಿಂದ ಮುಂದಿನ ತಿಂಗಳ ಮೊದಲ ವಾರದ ನಡುವೆ ಮಾತ್ರ ಇಂಥ ಕೆಲಸ ಹಚ್ಚಿಕೊಳ್ಳಬೇಕು, 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1 ತಲೆಯ ಮೇಲೆ ಬಂದು ಕೂರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ಮೆಮೊರಿಯನ್ನು 8 ಜಿಬಿಗೆ ಏರಿಸಿದೆ. ಮಿಂಟ್ ಇಪ್ಪತ್ತು ನಿಮಿಷದಲ್ಲಿ ಕೂತಿತು. ಅಷ್ಟು ಸುಲಭವಾದದ್ದೇ ಮುಂದಿನ ಅನಾಹುತಕ್ಕೆ ದಾರಿಯಾಯಿತು.

ಎರಡನೆಯ ಯಂತ್ರದಲ್ಲಿ ಎಸ್‌ಎಸ್‌ಡಿ ಮೊದಲೇ ಇತ್ತು. ನಮ್ಮಲ್ಲಿ ಒಂದು ನಂಬಿಕೆ ಇದೆ: ಫಾರ್ಮ್ಯಾಟ್ ಮಾಡಿದರೆ ಹೋಗುವುದು ಸಿ ಡ್ರೈವ್ ಮಾತ್ರ, ಡಿ ಡ್ರೈವಿನಲ್ಲಿಟ್ಟದ್ದಕ್ಕೆ ಭಯವಿಲ್ಲ. ವರ್ಷಗಳಿಂದ ಕಂಪ್ಯೂಟರ್ ರಿಪೇರಿಯವರು ಇದನ್ನೇ ಹೇಳಿ, ಹಾಗೆಯೇ ಮಾಡಿ ನಮಗೆ ರೂಢಿ ಮಾಡಿಸಿದ್ದಾರೆ. ನಾನು ಸಿ ಡ್ರೈವಿನಲ್ಲಿದ್ದ ದಾಖಲೆಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಡಿ ಡ್ರೈವನ್ನು ಇದ್ದಲ್ಲೇ ಬಿಟ್ಟು, ಮಿಂಟಿನ ಅನುಸ್ಥಾಪಕದಲ್ಲಿ ಡಿಸ್ಕ್ ಅಳಿಸಿ ಸ್ಥಾಪಿಸು ಎಂಬ ಮೊದಲ ಆಯ್ಕೆಯನ್ನೇ ಒತ್ತಿದೆ. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು. ಲಿನಕ್ಸಿಗೆ ಡಿಸ್ಕ್ ಎಂದರೆ ಇಡೀ ಡಿಸ್ಕ್. ಪರದೆಯ ಮೇಲೆ ಭಾಗಗಳ ಪಟ್ಟಿ ಬಂದು ಬರೆಯಲೇ ಎಂದು ಕೇಳಿತ್ತು, ನಾನು ಓದದೆ ಹೂಂ ಎಂದಿದ್ದೆ. ಒಬ್ಬ ಅಡತಿಯವರ ಒಂದು ತ್ರೈಮಾಸಿಕದ ಖರೀದಿ ಬಿಲ್ಲುಗಳ ಸ್ಕ್ಯಾನ್ ಪ್ರತಿಗಳು, ನಾನೂರಕ್ಕೂ ಹೆಚ್ಚು, ಡಿ ಡ್ರೈವಿನಲ್ಲಿದ್ದವು. ತಿಳಿದದ್ದು ಸಂಜೆ. ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಅವರ ಅಂಗಡಿಗೆ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಕಾಗದದ ಕಟ್ಟುಗಳನ್ನು ಗೋಣಿಚೀಲದಲ್ಲಿ ಹಾಕಿ ಕಳಿಸಿದರು. ತೊಗರಿಯ ಧೂಳು ಮೆತ್ತಿದ ಆ ಬಿಲ್ಲುಗಳನ್ನು ಒಂದೊಂದಾಗಿ ಒರೆಸಿ ಮತ್ತೆ ಸ್ಕ್ಯಾನ್ ಮಾಡಲು ಇಬ್ಬರಿಗೆ ಎರಡು ದಿನ ಬೇಕಾಯಿತು. ದಯವಿಟ್ಟು ಡಿ, ಇ, ಎಫ್ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ ಕಪಾಟಿನಲ್ಲಿಟ್ಟು, ಬಳಿಕ ಅನುಸ್ಥಾಪನೆಗೆ ಕೂರಿ.

ಕನ್ನಡದ ವಿಷಯಕ್ಕೆ ನಾನು ಹೆಚ್ಚು ಹೆದರಿದ್ದೆ. ನಮ್ಮ ಟೈಪಿಸ್ಟ್ ಅಕ್ಕನವರಿಗೆ ನುಡಿಯ ಕೀಲಿಮಣೆಯಲ್ಲಿ ಹನ್ನೆರಡು ವರ್ಷದ ಕೈ. ಮಿಂಟಿನ ಕೀಲಿಮಣೆ ಪಟ್ಟಿಯಲ್ಲಿ ಕಗಪ ವಿನ್ಯಾಸ ಮೊದಲೇ ಇದೆ, ಸೇರಿಸಿಕೊಟ್ಟೆ. ಅವರು ಎರಡು ಸಾಲು ಹೊಡೆದು ಕೈ ಎತ್ತಿದರು. ಅದರಲ್ಲಿ ಒಂದು ಕೀಲಿಗೆ ಒಂದೇ ಅಕ್ಷರ. ಪದದ ಆರಂಭದ ಸ್ವರಕ್ಕೂ ವ್ಯಂಜನಕ್ಕೆ ಹತ್ತುವ ಸ್ವರಚಿಹ್ನೆಗೂ ಬೇರೆ ಬೇರೆಯಾಗಿ ಕೀಲಿ ಒತ್ತಬೇಕು, ನುಡಿಯಂತೆ ಸಂದರ್ಭ ನೋಡಿ ಬದಲಾಗುವುದಿಲ್ಲ. ಹಲವು ಭಾಷೆಗಳ ಟೈಪಿಂಗಿಗೆ ಇರುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಅದರಲ್ಲಿರುವ ಕೆಜಿಪಿ ಎಂಬ ಕನ್ನಡ ವಿಧಾನವನ್ನು ಆರಿಸಿದಾಗ ಕೈ ತಾನಾಗಿ ಓಡತೊಡಗಿತು. ಎಫ್ ಒತ್ತಿದರೆ ಹಲಂತ, ಮುಂದಿನ ವ್ಯಂಜನ ಒತ್ತಾಗಿ ಕೆಳಗೆ ಕೂರುತ್ತದೆ. ಕೀಲಿಮಣೆ ಪಟ್ಟಿಯ ಕಗಪ ಮತ್ತು ಐಬಸ್ಸಿನ ಕೆಜಿಪಿ ಒಂದೇ ಎಂದುಕೊಂಡು ಮೊದಲನೆಯದನ್ನು ನೋಡಿಯೇ ಲಿನಕ್ಸಿನಲ್ಲಿ ಕನ್ನಡ ಆಗುವುದಿಲ್ಲ ಎಂದವರನ್ನು ನಾನು ಬಲ್ಲೆ.

ಹಳೆಯ ಕಡತಗಳ ಕಥೆ ಬೇರೆ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪಿಸಿದ ಕರಾರುಪತ್ರಗಳನ್ನು, ವರ್ಡ್, ಎಕ್ಸೆಲ್‌ಗಳ ಬದಲಿಗೆ ಬಳಸುವ ಲಿಬ್ರೆಆಫೀಸಿನಲ್ಲಿ ತೆರೆದಾಗ ಕನ್ನಡದ ಬದಲು ಟೊಪ್ಪಿಗೆ ಹಾಕಿದ ರೋಮನ್ ಅಕ್ಷರಗಳು, ನ ಇರಬೇಕಾದಲ್ಲೆಲ್ಲ ಪೌಂಡಿನ ಚಿಹ್ನೆ. ಅಕ್ಕನವರ ಮುಖ ಬಿಳಿಚಿತು. ಕಡತ ಹಾಳಾಗಿರಲಿಲ್ಲ, ಫಾಂಟ್ ಇರಲಿಲ್ಲ ಅಷ್ಟೆ. ಹಳೆಯ ಯಂತ್ರದಲ್ಲಿದ್ದ ನುಡಿಯ ಟಿಟಿಎಫ್ ಕಡತಗಳನ್ನು ತಂದು ಹಾಕಿದ ಮೇಲೆ ಎಲ್ಲವೂ ಇದ್ದ ಹಾಗೆಯೇ ಓದಲು ಬಂದವು. ಆದ್ದರಿಂದ ವಿಂಡೋಸ್ ಅಳಿಸುವ ಮುಂಚೆ ಫಾಂಟುಗಳ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಪುಟದ ಸಾಲುಗಳು ಅಲ್ಲಲ್ಲಿ ಸರಿದಿರುತ್ತವೆ, ಸಹಿಯ ಜಾಗ ಮುಂದಿನ ಪುಟಕ್ಕೆ ಜಾರಿರುತ್ತದೆ. ಛಾಪಾಕಾಗದದ ಮೇಲೆ ಮುದ್ರಿಸುವ ಮುಂಚೆ ಬಿಳಿ ಹಾಳೆಯ ಮೇಲೆ ಒಮ್ಮೆ ತೆಗೆದು ನೋಡುವುದು ಕಡ್ಡಾಯ. ಇಂಗ್ಲಿಷ್ ಕಡತಗಳಲ್ಲಿ ಇಷ್ಟು ತೊಂದರೆ ಇಲ್ಲ, ಕ್ಯಾಲಿಬ್ರಿಯ ಅಳತೆಗೆ ಸರಿಹೊಂದುವ ಕಾರ್ಲಿಟೋ ಎಂಬ ಉಚಿತ ಫಾಂಟ್ ಇದೆ. ಉರ್ದುವಿನಲ್ಲಿ ಮದುವೆ ಪತ್ರಿಕೆ ಕೇಳಿ ಬರುವವರಿಗೆ ನಸ್ತಾಲಿಕ್ ಫಾಂಟ್ ಹಾಕಿ ನೋಡಿದೆ, ಸಾದಾ ಅರ್ಜಿಗೆ ಸಾಕು. ಪತ್ರಿಕೆಯ ಅಂದಕ್ಕೆ ಇನ್ನೂ ಪಕ್ಕದ ಅಂಗಡಿಗೇ ಕಳಿಸುತ್ತೇನೆ.

ಡಿಸೆಂಬರ್ ಬಂದಿತು, ಗಂಜಿಗೆ ಹೊಸ ತೊಗರಿ ಬರತೊಡಗಿತು. ಆಗ ಪ್ರಿಂಟರ್ ಕೈಕೊಟ್ಟಿತು. ನಮ್ಮಲ್ಲಿ ಹತ್ತು ವರ್ಷದ ಹಳೆಯ ಲೇಸರ್ ಪ್ರಿಂಟರೊಂದಿದೆ, ಹಮಾಲರಂತೆ ದುಡಿದದ್ದು. ಅದು ತನ್ನದೇ ಭಾಷೆಯಲ್ಲಿ ಮಾತಾಡುವ ಜಾತಿಯದು. ತಯಾರಕರ ಲಿನಕ್ಸ್ ಡ್ರೈವರ್ ತೀರ ಹಳೆಯದು, 32 ಬಿಟ್ಟಿನ ಲೈಬ್ರರಿಗಳನ್ನು ಬೇಡುತ್ತದೆ. ಎರಡು ದಿನ ಹೋರಾಡಿ, ಒಮ್ಮೆ ಅರ್ಧ ಪುಟ ಮುದ್ರಿಸಿ, ಮತ್ತೆ ಮೌನಕ್ಕೆ ಜಾರಿದ ಅದನ್ನು ವಿಂಡೋಸ್ ಯಂತ್ರಕ್ಕೇ ಕಟ್ಟಿದೆ. ಲಿನಕ್ಸ್ ಯಂತ್ರಗಳಿಗಾಗಿ ಡ್ರೈವರ್ ಬೇಡದೆ ನೆಟ್‌ವರ್ಕಿನಲ್ಲೇ ಗುರುತು ಸಿಗುವ, ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಒಂದು ಪ್ರಿಂಟರ್ ಕೊಂಡೆ. ಮಿಂಟ್ ಅದನ್ನು ಕೇಳುವ ಮುಂಚೆಯೇ ಪಟ್ಟಿಗೆ ಸೇರಿಸಿಕೊಂಡಿತ್ತು. ನೀವು ಡಿಸ್ಟ್ರೋಗಳನ್ನು ಹೋಲಿಸುವ ಸಮಯದ ಅರ್ಧವನ್ನು ನಿಮ್ಮ ಪ್ರಿಂಟರಿನ ಮಾದರಿ ಸಂಖ್ಯೆ ಹುಡುಕಲು ಕೊಡಿ. ಅದು ಒಂದು ಲಿನಕ್ಸಿನಲ್ಲಿ ನಡೆಯದಿದ್ದರೆ ಉಳಿದವುಗಳಲ್ಲೂ ಬಹುಮಟ್ಟಿಗೆ ನಡೆಯುವುದಿಲ್ಲ.

ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ದಾಲ್ ಮಿಲ್ಲಿನ ಮಾಲೀಕರು ತಮ್ಮ ಡಿಜಿಟಲ್ ಸಹಿಯ ಟೋಕನ್ ಹಿಡಿದು ಬಂದು ಕೂತರು. ಅವರದು ಪ್ರೈವೇಟ್ ಲಿಮಿಟೆಡ್ ಕಂಪನಿ, ಹಾಗಾಗಿ ಒಟಿಪಿಯಿಂದ ರಿಟರ್ನ್ ಸಲ್ಲಿಸುವಂತಿಲ್ಲ, ಸಹಿಯೇ ಬೇಕು. ಮರುದಿನ ಎಲ್ಲರೂ ಸಜ್ಜಿ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರು. ಕೊನೆಯ ದಿನ 20, ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ಟೋಕನ್ ತಯಾರಕರು ಲಿನಕ್ಸಿಗೆಂದು ಕೊಟ್ಟದ್ದು ಡೆಬ್ ಪ್ಯಾಕೇಜ್ ಒಂದೇ. ಫೆಡೋರಾ ಹಾಕಿದ್ದರೆ ಇಲ್ಲೇ ನಿಲ್ಲುತ್ತಿದ್ದೆ ಎಂದು ಒಳಗೊಳಗೇ ಹಿಗ್ಗಿ ಅದನ್ನು ಹಾಕಿದೆ. ಟೋಕನ್ನಿನ ಕೆಂಪು ದೀಪ ಹೊತ್ತಿತು, ಆದರೆ ಪರದೆಯಲ್ಲಿ ಸಹಿ ಕಾಣಲಿಲ್ಲ. ಮಾಲೀಕರು ಎರಡು ಸಲ ಚಹಾ ಕುಡಿದರು, ಗಡಿಯಾರ ನೋಡಿದರು. ಎಂಟೂವರೆಗೆ ಸೋತು ವಿಂಡೋಸ್ ಯಂತ್ರದಲ್ಲಿ ಹಾಕಿದೆ, ಐದು ನಿಮಿಷದಲ್ಲಿ ಮುಗಿಯಿತು. ಹಬ್ಬ ಮುಗಿಸಿ ಬಂದು ನೋಡಿದರೆ, ಸ್ಮಾರ್ಟ್‌ಕಾರ್ಡ್ ಓದಲು ಬೇಕಾದ ಪಿಸಿಎಸ್‌ಸಿಡಿ ಎಂಬ ಸೇವೆ ನಮ್ಮ ಯಂತ್ರದಲ್ಲಿ ಇರಲೇ ಇಲ್ಲ. ಸಾಫ್ಟ್‌ವೇರ್ ಮ್ಯಾನೇಜರಿನಿಂದ ಅದನ್ನು ಹಾಕಿ, ಯಂತ್ರವನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದ ಮೇಲೆ ಸಹಿ ಕಂಡಿತು. ಟೋಕನ್ ಬಳಸುವವರು ಕೊನೆಯ ದಿನದ ಹಿಂದಿನ ಸಂಜೆ ಮೊದಲ ಪ್ರಯೋಗ ಮಾಡಬೇಡಿ.

ಮೂರನೆಯ ಯಂತ್ರದ ಒಂದು ಮೆಮೊರಿ ಸ್ಲಾಟ್ ಸತ್ತುಹೋಗಿತ್ತು, ಆದ್ದರಿಂದ ಅದು 4 ಜಿಬಿಯಲ್ಲೇ ಉಳಿಯಿತು. ಅದಕ್ಕೆ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಅರ್ಜಿ ತುಂಬುವುದಕ್ಕೆ, ಕಲ್ಯಾಣ ಕರ್ನಾಟಕದವರ 371ಜೆ ಮೀಸಲಾತಿ ಪ್ರಮಾಣಪತ್ರಕ್ಕೆ ಬಂದವರ ದಾಖಲೆ ಸ್ಕ್ಯಾನ್ ಮಾಡುವುದಕ್ಕೆ ಅಷ್ಟು ಸಾಕು. ಸರ್ಕಾರಿ ಕೆಲಸಕ್ಕೆ ಇದು ನಡೆಯುತ್ತದೆಯೇ ಎಂದು ಗಿರಾಕಿಯೊಬ್ಬರು ಪರದೆ ನೋಡಿ ಕೇಳಿದರು. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ಪಾಠ ಮಾಡುತ್ತಿವೆ ಎಂದೆ; ಅವರಿಗೆ ಅದಕ್ಕಿಂತ ತಮ್ಮ ಅರ್ಜಿ ಹೋಯಿತೇ ಎಂಬುದು ಮುಖ್ಯವಾಗಿತ್ತು, ಹೋಗಿತ್ತು.

ಖರ್ಚು ಹೀಗಾಯಿತು: ಎರಡು ಎಸ್‌ಎಸ್‌ಡಿಗೆ 3,400, ಹಳೆಯ ಮೆಮೊರಿ ಎರಡಕ್ಕೆ 1,400, ಪೆನ್‌ಡ್ರೈವಿಗೆ 450, ಹೊರಗಿನ ಡಿಸ್ಕಿಗೆ 4,200, ಪ್ರಿಂಟರಿಗೆ 13,500, ಒಟ್ಟು 22,950 ರೂಪಾಯಿ. ಇದರಲ್ಲಿ ಲಿನಕ್ಸಿಗೆ ಕೊಟ್ಟದ್ದು ಏನೂ ಇಲ್ಲ. ಮೂರು ಭಾನುವಾರ, ಎರಡು ದಿನದ ಸ್ಕ್ಯಾನಿಂಗ್ ಕೂಲಿ, ನನ್ನ ಒಂದು ರಾತ್ರಿಯ ನಿದ್ದೆ ಈ ಲೆಕ್ಕದಲ್ಲಿ ಸೇರಿಲ್ಲ.

ಈಗ ಮೂರೂ ಯಂತ್ರಗಳಲ್ಲಿ ಟೈಮ್‌ಶಿಫ್ಟ್ ವಾರಕ್ಕೊಮ್ಮೆ ವ್ಯವಸ್ಥೆಯ ಪ್ರತಿ ತೆಗೆದಿಡುತ್ತದೆ. ಅದು ನಮ್ಮ ದಾಖಲೆಗಳನ್ನು ಉಳಿಸುವುದಿಲ್ಲ, ವ್ಯವಸ್ಥೆಯನ್ನು ಮಾತ್ರ, ಆದ್ದರಿಂದ ದಾಖಲೆಗಳಿಗೆ ಪ್ರತಿ ಶನಿವಾರ ಹೊರಗಿನ ಡಿಸ್ಕ್ ಇದೆ. ಟ್ಯಾಲಿ ಬೇಕಾದಾಗ, ಇನ್ನೊಂದು ಯಂತ್ರದ ಪರದೆಯನ್ನು ಇಲ್ಲಿಂದಲೇ ತೆರೆಯುವ ರೆಮಿನಾ ಮೂಲಕ ವಿಂಡೋಸ್ ಯಂತ್ರದೊಳಗೆ ಹೋಗುತ್ತೇವೆ. ಅದಕ್ಕೆ ಆ ಯಂತ್ರದಲ್ಲಿ ವಿಂಡೋಸಿನ ಪ್ರೊ ಆವೃತ್ತಿಯೇ ಇರಬೇಕು, ಒಂದು ಸಲಕ್ಕೆ ಒಬ್ಬರೇ. ಹುಡುಗ ಲಿನಕ್ಸಿನಿಂದ ಟ್ಯಾಲಿ ತೆರೆದರೆ ಅಲ್ಲಿ ಕೂತವರ ಪರದೆ ಬೀಗ ಬೀಳುತ್ತದೆ, ದಿನಕ್ಕೆರಡು ಸಲ ಈ ವಿಷಯಕ್ಕೆ ಕೂಗಾಟ ಇದ್ದೇ ಇದೆ. ಮೂರು ಕ್ಯಾಬಿನೆಟ್ಟುಗಳ ಮೇಲೂ ಮಿಂಟಿನ ಬೆಂಬಲ ಮುಗಿಯುವ 2029ರ ಏಪ್ರಿಲ್ ಎಂದು ಬರೆದ ಚೀಟಿ ಅಂಟಿಸಿದ್ದೇನೆ. ಹಳೆಯ ಲೇಸರ್ ಪ್ರಿಂಟರಿಗೆ ಮೊನ್ನೆ ಹೊಸ ಟೋನರ್ ತುಂಬಿಸಿದೆ.